ನಾಲ್ಕರಲ್ಲಿ ಒಂದು ಮಲಗಿದರೆ

ಮುಳಬಾಗಿಲಿನ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ಹೊತ್ತು ಹೊರಟಿದ್ದ ನಮ್ಮ ಮನೆಯ ಹಳೆಯ ಪಿಕಪ್ಪು, ಮಳೆಗಾಲದ ಒಂದು ಬೆಳಗಿನ ಜಾವ ದಿಣ್ಣೆ ಹತ್ತುತ್ತಿದ್ದಾಗ ಇದ್ದಕ್ಕಿದ್ದಂತೆ ಕುಂಟತೊಡಗಿತು. ಅಲ್ಲಿಯವರೆಗೆ ಒಂದೇ ಸಮನೆ ಗುಡುಗುತ್ತಿದ್ದ ಎಂಜಿನ್ನು ‘ಡುಗ್ ಡುಗ್ ಡುಗ್... ಡುಗ್ ಡುಗ್ ಡುಗ್...’ ಎಂದು ನಾಲ್ಕನೇ ಪೆಟ್ಟನ್ನು ನುಂಗುತ್ತಾ ಓಡುತ್ತಿತ್ತು. ಗೇರ್ ಲಿವರ್ ಹಿಡಿದ ಕೈ ನಡುಗುತ್ತಿತ್ತು. ಹಿಂದೆ ಬಿಳಿ ಹೊಗೆ. ಮೂರನೇ ಗೇರಿನಲ್ಲಿ ಸಲೀಸಾಗಿ ಏರುತ್ತಿದ್ದ ದಿಣ್ಣೆಗೆ ಅವತ್ತು ಎರಡನೇ ಗೇರೂ ಸಾಲಲಿಲ್ಲ.

ಹೇಗೋ ಮಾರುಕಟ್ಟೆ ಮುಟ್ಟಿ ಸರಕು ಇಳಿಸಿದ್ದಾಯಿತು. ಗಾಡಿಯ ಸುತ್ತ ನಿಂತವರದು ಒಬ್ಬೊಬ್ಬರದು ಒಂದೊಂದು ತೀರ್ಪು. ‘ಪಂಪ್ ಹೋಗಿದೆ, ಇಳಿಸ್ಬೇಕು.’ ‘ನಾಲ್ಕೂ ನಾಜಲ್ ಚೇಂಜ್ ಮಾಡ್ಸಿ.’ ‘ಬೋರ್ ತಿಂದುಹೋಗಿದೆ, ಎಂಜಿನ್ ಕೆಲಸ ಬಂತು.’ ಮೂರೂ ಸಾವಿರಾರು ರೂಪಾಯಿಯ ಮಾತು. ನಿಜವಾಗಿ ಕೆಟ್ಟಿದ್ದು ಒಂದು ಮೊಳ ಉದ್ದದ ಉಕ್ಕಿನ ಕೊಳವೆ. ಅದನ್ನು ಹುಡುಕಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ದಿನ ಗಾಡಿ ನಿಂತರೆ ಆ ದಿನದ ಸಂಪಾದನೆಯೇ ನಿಲ್ಲುವ ಮನೆಗಳು ನಮ್ಮಲ್ಲಿ ಬಹಳ. ಅಂಥ ಮನೆಯವರಿಗೆ ‘ಮಿಸ್ಸಿಂಗ್’ ಎಂಬ ಈ ಕಾಯಿಲೆಯ ಬಗ್ಗೆ ಗೊತ್ತಿರಲೇಬೇಕು.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಗಟ್ಟಿಮಾಡಿಕೊಳ್ಳಿ. ಬೋರು, ರಿಂಗು, ಪಂಪಿನ ಪ್ಲಂಜರು ಸವೆಯಲು ವರ್ಷಗಳು ಬೇಕು. ಸವೆತದ ಎಂಜಿನ್ನು ತಿಂಗಳುಗಟ್ಟಲೆ ಮುಂಚೆಯೇ ಹೇಳಿಕೊಳ್ಳುತ್ತದೆ: ಬೆಳಿಗ್ಗೆ ಸ್ಟಾರ್ಟ್ ತಡ, ಆಯಿಲ್ ಇಳಿತ, ಪಿಕಪ್ ಮಂದ. ನಿನ್ನೆ ಸಂಜೆ ಚೆನ್ನಾಗಿದ್ದು ಇವತ್ತು ಬೆಳಿಗ್ಗೆ ಮಿಸ್ಸಾದರೆ ಅಲ್ಲಿ ಸವೆದದ್ದು ಏನೂ ಇಲ್ಲದಿರಬಹುದು. ಏನೋ ಒಳಗೆ ಸೇರಿಕೊಂಡಿದೆ, ಇಲ್ಲವೇ ಮುರಿದಿದೆ, ಸಡಿಲವಾಗಿದೆ, ಸಿಕ್ಕಿಕೊಂಡಿದೆ. ಈ ನಾಲ್ಕರಲ್ಲಿ ಯಾವುದು ಎಂಬುದು ಗೊತ್ತಾಗುವವರೆಗೆ ಯಾವ ಬಿಡಿಭಾಗವನ್ನೂ ಕೊಳ್ಳಬೇಡಿ.

ನಾನು ಹೇಳುತ್ತಿರುವುದು ಮುಖ್ಯವಾಗಿ ಮೆಕ್ಯಾನಿಕಲ್ ಪಂಪಿನ ಹಳೆಯ ಡೀಸೆಲ್ ಪಿಕಪ್ಪುಗಳಿಗೆ. ಹಳ್ಳಿಗಳಲ್ಲಿ ಇಂದಿಗೂ ದುಡಿಯುತ್ತಿರುವವು ಅವೇ. ಕಂಪ್ಯೂಟರಿನ ಎಂಜಿನ್ನುಗಳ ಮಾತು ಕೊನೆಗೆ.

ಕಿವಿ, ಮೂಗು, ನೆನಪು

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಪಿಸ್ಟನ್ನು ಗಾಳಿಯನ್ನು ಸುಮಾರು ಇಪ್ಪತ್ತನೇ ಒಂದು ಪಾಲಿಗೆ ಹಿಚುಕುತ್ತದೆ. ಹಾಗೆ ಹಿಚುಕಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಬಿಸಿಗೆ ನಾಜಲ್ಲು ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಒಂದು ಸಿಲಿಂಡರ್ ಕೆಲಸ ಬಿಟ್ಟಿದೆ ಎಂದರೆ, ಅಲ್ಲಿಗೆ ಡೀಸೆಲ್ ಬಂದಿಲ್ಲ, ಬಂದರೂ ಮಂಜಾಗಿ ಬಿದ್ದಿಲ್ಲ, ಅಥವಾ ಗಾಳಿ ಸಾಕಷ್ಟು ಒತ್ತಿಲ್ಲ. ನಾಲ್ಕನೆಯ ಕಾರಣ ಬಹಳ ಅಪರೂಪ.

ಐಡಲ್‌ನಲ್ಲಿ ಎಂಜಿನ್ನು 750 ಆರ್‌ಪಿಎಂನಲ್ಲಿ ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ ಒಂದು ಸಿಲಿಂಡರ್ ಉರಿಯುವುದರಿಂದ ಪ್ರತಿ ಸಿಲಿಂಡರ್ ಸೆಕೆಂಡಿಗೆ ಸುಮಾರು 6 ಸಲ ಉರಿಯುತ್ತದೆ. ಒಂದು ಮಲಗಿದರೆ ಆ ತಪ್ಪು ಪೆಟ್ಟು ತಾಳ ಹಿಡಿದಂತೆ, ಅಷ್ಟೇ ಅಂತರದಲ್ಲಿ ಬರುತ್ತದೆ. ಸೈಲೆನ್ಸರಿನ ಬಾಯಿಯ ಹತ್ತಿರ ಅಂಗೈ ಹಿಡಿದರೆ ಕೈಗೂ ಅದು ತಿಳಿಯುತ್ತದೆ. ಹಾಗಲ್ಲದೆ ಎಂಜಿನ್ನು ಏರಿ ಇಳಿದು, ಒಮ್ಮೆ ಸರಿಯಾಗಿ ಒಮ್ಮೆ ಉಸಿರು ಕಟ್ಟಿದಂತೆ ಓಡುತ್ತಿದ್ದರೆ ಅದು ಒಂದು ಸಿಲಿಂಡರಿನ ತೊಂದರೆಯಲ್ಲ. ನಾಲ್ಕಕ್ಕೂ ಹೋಗುವ ಡೀಸೆಲ್ಲಿನಲ್ಲೇ ಗಾಳಿಯೋ ನೀರೋ ಸೇರಿದೆ. ಈ ವ್ಯತ್ಯಾಸವನ್ನು ಕಿವಿಗೆ ಕಲಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. 2005ರಲ್ಲಿ ಬಂದ ಟಾಟಾ ಏಸ್, ನಮ್ಮವರು ಛೋಟಾ ಹಾಥಿ ಎನ್ನುವ ಆ ಗಾಡಿಗೆ, ಇರುವುದೇ ಎರಡು ಸಿಲಿಂಡರ್. ಅದರಲ್ಲಿ ಒಂದು ಮಲಗಿದರೆ ಕಿವಿಯನ್ನೇನೂ ಕೇಳಬೇಕಿಲ್ಲ, ಗಾಡಿ ಮುಂದಕ್ಕೆ ಹೋಗುವುದೇ ಕಷ್ಟ.

ಹೊಗೆಗೂ ಒಂದು ಭಾಷೆಯಿದೆ. ಬಿಳಿ ಹೊಗೆ ಬಂದು ಕಣ್ಣು ಉರಿದು ಹಸಿ ಡೀಸೆಲ್ ವಾಸನೆ ಹೊಡೆದರೆ ಉರಿಯದ ಡೀಸೆಲ್ ಹೊರಗೆ ಬರುತ್ತಿದೆ. ಬಿಳಿ ಹೊಗೆಗೆ ಸಿಹಿ ವಾಸನೆಯಿದ್ದು ರೇಡಿಯೇಟರಿನಲ್ಲಿ ನೀರು ಇಳಿಯುತ್ತಿದ್ದರೆ ಕೂಲಂಟ್ ಒಳಗೆ ಸೋರುತ್ತಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಕಪ್ಪು ಹೊಗೆಯ ಜೊತೆ ‘ಟಕ್ ಟಕ್’ ಹೊಡೆತ ಕೇಳಿದರೆ ನಾಜಲ್ಲಿನ ಸೂಜಿ ಸಿಕ್ಕಿಕೊಂಡು ಡೀಸೆಲ್ ಸಿಂಪಡಿಸದೆ ಸುರಿಯುತ್ತಿರಬಹುದು. ನೀಲಿ ಹೊಗೆ ಆಯಿಲಿನದು, ಅದು ಹಳೆಯ ಕಾಯಿಲೆ.

ಆಮೇಲೆ ನೆನಪು. ತೊಂದರೆ ಶುರುವಾಗುವ ಮುಂಚೆ ಕೊನೆಯದಾಗಿ ಏನಾಯಿತು? ಡೀಸೆಲ್ ಹಾಕಿಸಿದ ಅರ್ಧ ಗಂಟೆಗೆ ಶುರುವಾದರೆ ನೀರು. ಫಿಲ್ಟರ್ ಬದಲಾಯಿಸಿದ ಮಾರನೆಯ ದಿನವಾದರೆ ಗಾಳಿ. ಎಂಜಿನ್ನು ಬಿಸಿಯೇರಿ ನಿಂತ ಮೇಲಾದರೆ ಗ್ಯಾಸ್ಕೆಟ್. ಮಲೆನಾಡಿನ ಮಳೆಯಲ್ಲಿ ಹಳ್ಳ ದಾಟುವಾಗ ನಿಂತುಹೋಗಿ, ಆಮೇಲೆ ಎಳೆದು ಸ್ಟಾರ್ಟ್ ಮಾಡಿದ ಗಾಡಿಯಾದರೆ ಇನ್ನೂ ಕೆಟ್ಟ ಸುದ್ದಿ: ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಹಿಚುಕಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡನ್ನೇ ಬಗ್ಗಿಸಿಬಿಡುತ್ತದೆ. ನೀರಲ್ಲಿ ನಿಂತ ಎಂಜಿನ್ನಿಗೆ ಸೆಲ್ಫ್ ಹೊಡೆಯಲೇಬೇಡಿ ಎಂದು ಹಳೆಯ ಚಾಲಕರು ಹೇಳುವುದು ಇದಕ್ಕೇ. ಬೆಳಿಗ್ಗೆ ಮಾತ್ರ ಮಿಸ್ಸಾಗಿ ಬಿಳಿ ಹೊಗೆ ಬಿಟ್ಟು ಎರಡು ನಿಮಿಷದಲ್ಲಿ ಸರಿಹೋದರೆ, ಹೀಟರ್ ಪ್ಲಗ್ ಇರುವ ಎಂಜಿನ್ನುಗಳಲ್ಲಿ ಒಂದು ಪ್ಲಗ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ನೀರು ಮತ್ತು ಗಾಳಿ

ಸ್ಪ್ಯಾನರ್ ಹಿಡಿಯುವ ಮುನ್ನ ಒಂದು ಗಾಜಿನ ಬಾಟಲಿ ಹುಡುಕಿ. ಡೀಸೆಲ್ ಫಿಲ್ಟರಿನ ಕೆಳಗೆ, ಅಥವಾ ನೀರು ಬೇರ್ಪಡಿಸುವ ಬಟ್ಟಲಿನ ಕೆಳಗೆ, ಒಂದು ಡ್ರೈನ್ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಕಾಲು ಲೀಟರಿನಷ್ಟು ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ಡೀಸೆಲ್ ನೀರಿಗಿಂತ ಹಗುರ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕನ್ನು ತಿಂಗಳುಗಟ್ಟಲೆ ಶೆಡ್ಡಿನಲ್ಲಿ ಬಿಟ್ಟರೂ ಒಳಗಿನ ತೇವ ಬೆವರಿ ನೀರಾಗುತ್ತದೆ. ಮಳೆಯಲ್ಲಿ ಕ್ಯಾನಿನಿಂದ ಡೀಸೆಲ್ ಹುಯ್ಯುವುದಂತೂ ಅದನ್ನು ಕರೆದು ಕೂರಿಸಿದಂತೆ. ಪಂಪಿನ ಪ್ಲಂಜರಿಗೂ ಅದರ ಮನೆಗೂ ನಡುವಿನ ಸಂದು ಬರೀ 2-3 ಮೈಕ್ರಾನು, ನಮ್ಮ ಕೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲಿಗೂ ಕಡಿಮೆ. ಅಲ್ಲಿ ಜಾರಿಕೆಯ ಎಣ್ಣೆಯೂ ಡೀಸೆಲ್ಲೇ. ನೀರು ಹೊಕ್ಕರೆ ತುಕ್ಕು, ತುಕ್ಕು ಹಿಡಿದರೆ ಪಂಪು ಸಾಯುತ್ತದೆ. ಆದ್ದರಿಂದ ನೀರು ಕಂಡರೆ ‘ಸ್ವಲ್ಪ ತಾನೇ’ ಎಂದು ಓಡಿಸಬೇಡಿ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಾಯಿಸಿ.

ಗಾಳಿಯ ಹುಡುಕಾಟ ಇನ್ನೂ ಸೂಕ್ಷ್ಮ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಹೀರಲಾಗುತ್ತದೆ, ತಳ್ಳುವುದಿಲ್ಲ. ಹಾಗಾಗಿ ಅಲ್ಲಿ ತೂತಾದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗುತ್ತದೆ. ಒದ್ದೆ ಜಾಗ ಹುಡುಕಿಕೊಂಡು ಹೋದವರಿಗೆ ಈ ತೂತು ಸಿಗುವುದೇ ಇಲ್ಲ. ತೋಟದ ಮನೆಯ ಶೆಡ್ಡಿನಲ್ಲಿ ಇಲಿ ಕಡಿದ ರಬ್ಬರ್ ಪೈಪು, ಒಣಗಿ ಬಿರಿದ ಹೋಸು, ಸಡಿಲವಾದ ಕ್ಲಿಪ್ಪು, ಇವೇ ಸಾಮಾನ್ಯ. ಪತ್ತೆಗೆ ಒಳ್ಳೆಯ ಉಪಾಯವಿದೆ: ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರ ಫೀಡ್ ಪಂಪಿಗೆ ಕೊಡಿ. ಕೈಪಂಪ್ ಒತ್ತಿ ಬ್ಲೀಡಿಂಗ್ ಸ್ಕ್ರೂನಲ್ಲಿ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ. ಈಗ ಎಂಜಿನ್ನು ಸರಿಯಾಗಿ ಓಡಿದರೆ ಕಳ್ಳ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಇದ್ದಾನೆ. ಪಂಪಿಗೂ ನಾಜಲ್ಲಿಗೂ ಅಲ್ಲಿ ಸಂಬಂಧವೇ ಇಲ್ಲ.

ಯಾವುದು ಮಲಗಿದೆ?

ಪೆಟ್ಟು ತಾಳಬದ್ಧವಾಗಿ ತಪ್ಪುತ್ತಿದ್ದರೆ ಈಗ ಸಿಲಿಂಡರ್ ಹುಡುಕಬೇಕು. ನಾಲ್ಕು ಸಿಲಿಂಡರಿನ ಬಹುತೇಕ ಎಂಜಿನ್ನುಗಳು 1-3-4-2ರ ಕ್ರಮದಲ್ಲಿ ಉರಿಯುತ್ತವೆ. ಹೆಚ್ಚಿನವುಗಳಲ್ಲಿ 1ನೆಯದು ರೇಡಿಯೇಟರಿನ ಕಡೆ. ಕೆಲವು ಎಂಜಿನ್ನುಗಳಲ್ಲಿ ಎಣಿಕೆ ಫ್ಲೈವೀಲಿನ ಕಡೆಯಿಂದ. ಗೊಂದಲ ಬೇಡ, ನೀವೇ ಸೀಮೆಸುಣ್ಣದಿಂದ ನಂಬರ್ ಬರೆದುಕೊಳ್ಳಿ.

ಮೊದಲ ಪರೀಕ್ಷೆಗೆ ಏನನ್ನೂ ಬಿಚ್ಚಬೇಕಿಲ್ಲ. ರಾತ್ರಿಯಿಡೀ ತಣಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಒಂದು ನಿಮಿಷಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಾಲ್ಕು ಕವಲುಗಳ ಮೇಲೆ ಬೆರಳ ತುದಿಯಿಂದ ಒಂದೊಂದೇ ಹನಿ ನೀರು ಬೀಳಿಸಿ. ಮೂರು ಕಡೆ ‘ಚುಂಯ್’ ಎಂದು ಆರಿದ ಹನಿ ನಾಲ್ಕನೆಯ ಕಡೆ ಹಾಗೇ ಕೂತರೆ ಮಲಗಿದ್ದು ಅದೇ. ಕಾದ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ಬಿಸಿ ಕಬ್ಬಿಣಕ್ಕೆ ಲೋಟಗಟ್ಟಲೆ ನೀರು ಸುರಿದರೆ ಮ್ಯಾನಿಫೋಲ್ಡು ಬಿರಿಯುತ್ತದೆ. ದೂರದಿಂದ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದವರಿಗೆ ಹನಿಯೂ ಬೇಡ.

ಎರಡನೆಯದು ಗ್ಯಾರೇಜುಗಳ ಹಳೆಯ ವಿದ್ಯೆ. ಎಂಜಿನ್ನು ಐಡಲ್‌ನಲ್ಲಿ ಓಡುತ್ತಿರುವಾಗ ಒಂದೊಂದೇ ನಾಜಲ್ಲಿನ ತಲೆಯಲ್ಲಿರುವ ಪೈಪಿನ ನಟ್ಟನ್ನು, ಸಾಮಾನ್ಯವಾಗಿ 17ರ ಸ್ಪ್ಯಾನರಿನಿಂದ, ಅರ್ಧ ಸುತ್ತು ಸಡಿಲಿಸುವುದು. ಕೆಲಸ ಮಾಡುತ್ತಿರುವ ಸಿಲಿಂಡರಾದರೆ ಎಂಜಿನ್ನು ಇನ್ನಷ್ಟು ಕುಂಟುತ್ತದೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಅಪರಾಧಿ ಸಿಕ್ಕಂತೆ.

ಇಲ್ಲಿ ನಿಲ್ಲಿಸಿ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಹಳೆಯ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲೂ ನಾಜಲ್ ತೆರೆಯುವುದು 200 ಬಾರ್ ಆಸುಪಾಸಿನ ಒತ್ತಡದಲ್ಲಿ. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡಕ್ಕೆ ಇದು ಸುಮಾರು ನೂರು ಪಟ್ಟು. ಸೂಜಿಮೊನೆಯಷ್ಟು ಸಣ್ಣ ಸೋರಿಕೆಯೂ ಚರ್ಮ ಸೀಳಿ ಡೀಸೆಲ್ಲನ್ನು ಮಾಂಸದೊಳಗೆ ನುಗ್ಗಿಸುತ್ತದೆ. ಮೇಲೆ ಕಾಣುವುದು ಒಂದು ಚುಕ್ಕೆ, ನೋವೂ ಮೊದಲು ಅಷ್ಟಾಗಿ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬೆರಳು ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಹಾಗಾದರೆ ಅರಿಶಿನ ಹಚ್ಚಿ ಕೂರದೆ ಶಸ್ತ್ರಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಓಡಿ, ‘ಒತ್ತಡದ ಡೀಸೆಲ್ ಒಳಗೆ ಹೋಗಿದೆ’ ಎಂದೇ ಹೇಳಿ. ನಟ್ಟು ಸಡಿಲಿಸುವಾಗ ಕನ್ನಡಕ, ದಪ್ಪ ಕೈಗವಸು ಇರಲಿ. ನಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಬೆರಳನ್ನು ಕೊಳವೆಯ ಹತ್ತಿರಕ್ಕೂ ಒಯ್ಯಬೇಡಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಮಾಡಕೂಡದು. ಅಲ್ಲಿ ಒತ್ತಡ 1,600 ಬಾರ್‌ವರೆಗೂ ಹೋಗುತ್ತದೆ.

ನಮ್ಮ ಗಾಡಿಯಲ್ಲಿ 1, 2, 4ನ್ನು ಸಡಿಲಿಸಿದಾಗ ಎಂಜಿನ್ನು ಇನ್ನೇನು ನಿಂತೇಹೋಗುವಂತೆ ನಡುಗಿತು. 3ನೆಯದನ್ನು ಸಡಿಲಿಸಿದರೆ ಏನೂ ಆಗಲಿಲ್ಲ.

ಏಕೆ ಮಲಗಿದೆ?

ಅದೇ ನಟ್ಟು ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಸಡಿಲಿಸಿದಾಗ ಡೀಸೆಲ್ ತಾಳಕ್ಕೆ ಸರಿಯಾಗಿ ಚಿಮ್ಮುತ್ತಿದೆಯೇ? ಚಿಮ್ಮುತ್ತಿದ್ದರೆ ಪಂಪು ತನ್ನ ಕೆಲಸ ಮಾಡುತ್ತಿದೆ. ತಪ್ಪು ನಾಜಲ್ಲಿನದು ಅಥವಾ ಕಂಪ್ರೆಷನ್ನಿನದು. ಚಿಮ್ಮದೆ ಜಿನುಗಿದರೆ ತಪ್ಪು ಅಲ್ಲಿಂದ ಹಿಂದೆ, ಪೈಪಿನಲ್ಲೋ ಪಂಪಿನ ಡೆಲಿವರಿ ವಾಲ್ವಿನಲ್ಲೋ ಇದೆ. ಇಷ್ಟು ಸರಳವಾದ ಪ್ರಶ್ನೆಯನ್ನು ಕೇಳಿಕೊಳ್ಳದೆ ಎಷ್ಟು ಪಂಪುಗಳು ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿವೆ ಎಂದು ನೆನೆದರೆ ಸಂಕಟವಾಗುತ್ತದೆ.

ಡೀಸೆಲ್ ಚಿಮ್ಮುತ್ತಿದ್ದರೆ ಮುಂದಿನ ಹೆಜ್ಜೆ ಅದಲುಬದಲು. ಮಲಗಿದ ಸಿಲಿಂಡರಿನ ನಾಜಲ್ಲನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ಮಿಸ್ಸಿಂಗು ನಾಜಲ್ಲಿನ ಜೊತೆ ಹೋದರೆ ನಾಜಲ್ಲೇ ಕಾರಣ. ಅದೊಂದನ್ನೇ ಪಂಪ್-ನಾಜಲ್ ಅಂಗಡಿಗೆ ಒಯ್ದು ಕೈಪಂಪಿನ ಟೆಸ್ಟರಿನಲ್ಲಿ ಹಾಕಿಸಿ, ಕಣ್ಣಾರೆ ನೋಡಿ: ಮಂಜು ಸರಿಯಾಗಿ ಹರಡಬೇಕು, ಸಿಂಪಡಿಸಿ ನಿಂತ ಮೇಲೆ ತುದಿಯಲ್ಲಿ ಹನಿ ಕಟ್ಟಬಾರದು. ಒಂದು ಕೆಟ್ಟಿದ್ದಕ್ಕೆ ನಾಲ್ಕು ಕೊಳ್ಳಬೇಕಿಲ್ಲ. ನಾಜಲ್ ಮತ್ತೆ ಕೂರಿಸುವಾಗ ಹಳೆಯ ತಾಮ್ರದ ವಾಷರ್ ಗುಂಡಿಯ ತಳದಲ್ಲೇ ಅಂಟಿಕೊಂಡಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಅದರ ಮೇಲೇ ಹೊಸ ವಾಷರ್ ಹಾಕಿ ಬಿಗಿದರೆ ನಾಜಲ್ಲಿನ ಮೂತಿ ಮೇಲೆ ನಿಂತು ಸಿಂಪಡಣೆ ತಪ್ಪುತ್ತದೆ. ನಾಜಲ್ಲಿನ ಬುಡದಲ್ಲಿ ಟಾರಿನಂತೆ ಕಪ್ಪು ಕಟ್ಟಿ ‘ಚುಸ್ ಚುಸ್’ ಸದ್ದು ಬರುತ್ತಿದ್ದರೆ ವಾಷರ್ ಸೋರುತ್ತಿದೆ, ನಾಜಲ್ಲು ಚೆನ್ನಾಗಿಯೇ ಇರಬಹುದು.

ನಾಜಲ್ ಬದಲಾದರೂ ಅದೇ ಸಿಲಿಂಡರ್ ಮಲಗಿದ್ದು, ಡೀಸೆಲ್ಲೂ ಚಿಮ್ಮುತ್ತಿದ್ದರೆ ಟ್ಯಾಪೆಟ್ ಕವರ್ ತೆಗೆಯಿರಿ. ಬಗ್ಗಿದ ಪುಷ್‌ರಾಡು, ಮುರಿದ ವಾಲ್ವ್ ಸ್ಪ್ರಿಂಗು, ಸಡಿಲವಾದ ಟ್ಯಾಪೆಟ್ಟು ಕಣ್ಣಿಗೇ ಕಾಣುತ್ತವೆ. ಏನೂ ಕಾಣದಿದ್ದರೆ ಕಂಪ್ರೆಷನ್ ಅಳೆಸಿ. ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನು 25ರಿಂದ 30 ಬಾರ್ ತೋರಿಸುತ್ತದೆ. ಪೆಟ್ರೋಲ್ ಎಂಜಿನ್ನಿನ ಮೀಟರ್ ಇದಕ್ಕೆ ತಡೆಯದು. ಅಂಕಿಗಿಂತ ನಾಲ್ಕರ ನಡುವಿನ ಅಂತರ ಮುಖ್ಯ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ.

ನಮ್ಮ 3ನೆಯದರಲ್ಲಿ ಡೀಸೆಲ್ ಚಿಮ್ಮಲಿಲ್ಲ, ಜಿನುಗಿತು ಅಷ್ಟೇ. ‘ನೋಡಿ, ಪಂಪೇ’ ಎಂದರು ಜೊತೆಗಿದ್ದವರು. ಆದರೆ ನಡುವೆ ಇನ್ನೂ ಒಂದು ಪೈಪಿತ್ತು. ಮಳೆಯಲ್ಲಿ ಎಂಜಿನ್ನೆಲ್ಲ ತೋಯ್ದು ಎಲ್ಲಿ ನೀರು ಎಲ್ಲಿ ಡೀಸೆಲ್ ಎಂದು ಹೇಳುವಂತಿರಲಿಲ್ಲ. ಎಂಜಿನ್ನು ನಿಲ್ಲಿಸಿ, ಆರಲು ಬಿಟ್ಟು, ಪೈಪುಗಳನ್ನೆಲ್ಲ ಒಣಬಟ್ಟೆಯಿಂದ ಒರೆಸಿ, ಮೇಲೆ ಮುಖದ ಪೌಡರ್ ಉದುರಿಸಿದೆವು. ಅರ್ಧ ನಿಮಿಷ ಐಡಲ್‌ನಲ್ಲಿ ಓಡಿಸಿ, ಕೈ ಹಾಕದೆ ಟಾರ್ಚ್ ಬಿಟ್ಟು ನೋಡಿದರೆ, ಪಂಪಿನ ಕಡೆಯ ನಟ್ಟಿನ ಹಿಂಬದಿಯಲ್ಲಿ ಬಿಳಿ ಪೌಡರ್ ತೊಯ್ದು ಬೂದಿಬಣ್ಣದ ಗೆರೆಯಾಗಿತ್ತು. ಕೂದಲೆಳೆಯಷ್ಟು ಬಿರುಕು. ಪೈಪುಗಳನ್ನು ಒಂದಕ್ಕೊಂದು ಹಿಡಿದಿಡುವ ಕ್ಲಾಂಪು ಅಲ್ಲಿರಲಿಲ್ಲ. ಹಿಂದಿನ ಸಲ ಯಾವುದೋ ಕೆಲಸಕ್ಕೆ ಪೈಪ್ ಬಿಚ್ಚಿದವರು ಅದನ್ನು ಮತ್ತೆ ಹಾಕಿರಲಿಲ್ಲ. ಕ್ಲಾಂಪಿಲ್ಲದ ಪೈಪು ಪ್ರತಿ ಪೆಟ್ಟಿಗೂ ಅದುರಿ ಅದುರಿ ಕೊನೆಗೆ ನಟ್ಟಿನ ಬುಡದಲ್ಲಿ ದಣಿದು ಬಿರಿಯುತ್ತದೆ. ಇಂಥ ಪೈಪನ್ನು ಬೆಸುಗೆ ಹಾಕಿಸಿ ಓಡಿಸಬಾರದು, ಹೊಸದನ್ನೇ ಹಾಕಬೇಕು.

ಪಂಪಿನ ಮಾತು ಬಂದಾಗ ಹಳಬರು ಈಗಲೂ ‘ಮೈಕೋ ಪಂಪ್’ ಎನ್ನುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪುಗಳನ್ನು ಇಲ್ಲೇ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಈ ಪಂಪುಗಳನ್ನು ಅಳೆದು ಹೊಂದಿಸಬಲ್ಲ ನುರಿತ ಕೈಗಳು ನಮ್ಮ ಜಿಲ್ಲಾ ಪಟ್ಟಣಗಳಲ್ಲಿ ಇಂದಿಗೂ ಇವೆ. ಪಂಪೇ ಕೆಟ್ಟಿದೆ ಎಂದು ಖಚಿತವಾದರೆ ಟೆಸ್ಟ್ ಬೆಂಚ್ ಇರುವ ಅಂಥವರ ಬಳಿಗೇ ಒಯ್ಯಿರಿ, ರಸ್ತೆ ಬದಿಯಲ್ಲಿ ಬಿಚ್ಚಿಸಬೇಡಿ. ಒಂದು ಧೂಳಿನ ಕಣ ಸಾಕು.

ಬೇರೆ ಎಂಜಿನ್ನುಗಳಿಗೆ

ಪೆಟ್ರೋಲ್ ಅಥವಾ ಸಿಎನ್‌ಜಿ ಪಿಕಪ್ಪಾದರೆ ಮೊದಲು ಕಿಡಿಯ ಕಡೆ ನೋಡಿ: ಪ್ಲಗ್ಗು, ಪ್ಲಗ್ ವೈರು, ಕಾಯಿಲ್ಲು. ಸಿಎನ್‌ಜಿ ಹೊತ್ತಿಕೊಳ್ಳಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಸಿಎನ್‌ಜಿಯಲ್ಲಿ ಮಿಸ್ಸಾಗಿ ಪೆಟ್ರೋಲಿಗೆ ಬದಲಿಸಿದಾಗ ಸರಿಹೋದರೆ ಸವೆದ ಪ್ಲಗ್ಗನ್ನೇ ಮೊದಲು ಶಂಕಿಸಿ. ಹಳೆಯ ವೈರುಗಳಿದ್ದರೆ ಕತ್ತಲಲ್ಲಿ ಬಾನೆಟ್ ಎತ್ತಿ ನೋಡಿ, ಸೋರುವ ಕಿಡಿ ನೀಲಿಯಾಗಿ ಮಿಂಚುತ್ತದೆ. ಓಡುತ್ತಿರುವಾಗ ವೈರನ್ನು ಕೈಯಲ್ಲಿ ಕೀಳಬೇಡಿ, ಅಲ್ಲಿರುವುದು ಹತ್ತಾರು ಸಾವಿರ ವೋಲ್ಟ್.

ಕಂಪ್ಯೂಟರ್ ಇರುವ ಎಂಜಿನ್ನುಗಳಲ್ಲಿ ಸ್ಕ್ಯಾನರ್ ಹಾಕಿಸಿ. ಪಿ0301 ಎಂದರೆ 1ನೆಯ ಸಿಲಿಂಡರು, ಪಿ0304 ಎಂದರೆ 4ನೆಯದು, ಪಿ0300 ಬಂದರೆ ನಿರ್ದಿಷ್ಟವಾಗಿ ಒಂದರದಲ್ಲ. ಕೋಡು ಹೇಳುವುದು ಯಾವುದು ಎಂಬುದನ್ನು ಮಾತ್ರ. ಏಕೆ ಎಂಬುದನ್ನು ಹುಡುಕುವ ಕೆಲಸ ಅಲ್ಲೂ ಬಾಕಿಯೇ ಇರುತ್ತದೆ.

ಓಡಿಸಬಹುದೇ?

ಸರಕು ಅರ್ಧದಾರಿಯಲ್ಲಿದ್ದಾಗ ಎಲ್ಲರೂ ಕೇಳುವ ಪ್ರಶ್ನೆ ಇದು. ಡೀಸೆಲ್ ಹೊರಗೆ ಚಿಮ್ಮಿ ಬಿಸಿ ಮ್ಯಾನಿಫೋಲ್ಡಿನ ಮೇಲೆ ಬೀಳುವಂತಿದ್ದರೆ ಒಂದು ಮಾರೂ ಬೇಡ, ಬೆಂಕಿ ಹತ್ತುತ್ತದೆ. ಕಬ್ಬಿಣ ಹೊಡೆದಂಥ ಸದ್ದಿದ್ದರೆ, ಟೆಂಪರೇಚರ್ ಏರುತ್ತಿದ್ದರೆ, ಆಗಲೂ ನಿಲ್ಲಿಸಿ. ನಮ್ಮ ಗಾಡಿಯನ್ನು ಅವತ್ತು ಕೋಲಾರದವರೆಗೆ ಓಡಿಸಿದ್ದೇ ತಪ್ಪು ಎಂದು ಬಿರುಕು ಕಂಡ ಮೇಲೆ ಅರಿವಾಯಿತು.

ಆಯಿಲ್ ಡಿಪ್‌ಸ್ಟಿಕ್ಕನ್ನು ಎಳೆದು ನೋಡಲು ಮರೆಯಬೇಡಿ. ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ಲಿಗೆ ಸೇರುತ್ತದೆ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಆ ಆಯಿಲ್ಲಿಗೆ ಬೇರಿಂಗ್ ಕಾಯುವ ಶಕ್ತಿ ಉಳಿದಿಲ್ಲ. ಮಟ್ಟ ತೀರಾ ಏರಿದರೆ ಎಂಜಿನ್ನು ಆ ಆಯಿಲ್ಲನ್ನೇ ಕುಡಿದು, ಕೀಲಿ ತೆಗೆದರೂ ನಿಲ್ಲದೆ ಹುಚ್ಚೆದ್ದು ಓಡಬಹುದು. ಆಗ ಬ್ರೇಕ್ ಬಲವಾಗಿ ಒತ್ತಿ ಮೇಲಿನ ಗೇರ್ ಹಾಕಿ ಕ್ಲಚ್ ಬಿಡಬೇಕು, ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಹಲಗೆ ಒತ್ತಿ ಉಸಿರು ಕಟ್ಟಿಸಬೇಕು. ಅಂಗೈ ಮಾತ್ರ ಅಡ್ಡ ಇಡಬೇಡಿ.

ಹೊಸ ಪೈಪು ಹಾಕಿದ ಮೇಲೆ ನಮ್ಮ ಗಾಡಿಯ ಆಯಿಲ್ಲು, ಫಿಲ್ಟರು ಎರಡನ್ನೂ ಬದಲಾಯಿಸಿದೆವು. ಮತ್ತೆ ಪೌಡರ್ ಉದುರಿಸಿ ನೋಡಿದೆವು, ಒಣಗಿಯೇ ಇತ್ತು. ಕಳೆದುಹೋಗಿದ್ದ ಕ್ಲಾಂಪನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದಾಯಿತು. ನಿಮ್ಮ ಗಾಡಿ ಚೆನ್ನಾಗಿಯೇ ಓಡುತ್ತಿದ್ದರೂ ಇವತ್ತು ಬಾನೆಟ್ ಎತ್ತಿ, ಪಂಪಿನಿಂದ ನಾಜಲ್ಲಿಗೆ ಹೋಗುವ ನಾಲ್ಕು ಪೈಪುಗಳನ್ನು ಹಿಡಿದಿರುವ ಕ್ಲಾಂಪುಗಳು ಇದ್ದ ಜಾಗದಲ್ಲಿ ಇವೆಯೇ, ಅವುಗಳ ರಬ್ಬರ್ ಉಳಿದಿದೆಯೇ ನೋಡಿ.